ಅಲ್ಲಾಡಬಾರದ ಡಬ್ಬಿ

ಮೊದಲ ತಪ್ಪು ಮಾಡಿದ್ದು ನನ್ನ ಗಂಡನ ಕೈ, ಎರಡನೆಯದು ನನ್ನದು. ಯಾರದು ದೊಡ್ಡದು ಎನ್ನುವ ಜಗಳ ನಮ್ಮಲ್ಲಿ ಇನ್ನೂ ಮುಗಿದಿಲ್ಲ. ಆದರೆ ಆ ಶುಕ್ರವಾರ ಜಗಳಕ್ಕೂ ಪುರುಸೊತ್ತಿರಲಿಲ್ಲ. ಸಂಜೆ ನಾಲ್ಕು ಗಂಟೆಯೊಳಗೆ ಒಂದು ಚಿಟಿಕೆ ಮಣ್ಣು ಅಬುಧಾಬಿಗೆ ತಲುಪದೇ ಹೋದರೆ ಇವರ ಮೇಲೆ ಕಳ್ಳತನದ ಕೇಸು ಬೀಳುವುದಿತ್ತು.

ನನ್ನ ಗಂಡ ಶೀನಪ್ಪ ಆಚಾರಿ ಕಾರ್ಕಳದ ಕಡೆಯ ಅಕ್ಕಸಾಲಿಗ. ದುಬೈಗೆ ಬಂದ ಮೇಲೆ ಇಪ್ಪತ್ತೆರಡು ವರ್ಷ ಅಲ್ಲಿನ ನೈಫ್ ಪೇಟೆಯಲ್ಲಿ ಒಂದು ಬಂಗಾರದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಕೆಲಸ ಮಾಡಿದರು. ಮೆಷೀನುಗಳು ಬಂದು ಕೈಕೆಲಸದವರನ್ನು ಎಬ್ಬಿಸಿದಾಗ, ಮಂಗಳೂರಿನ ಪಾಯ್ಸ್ ಎನ್ನುವವರು ಇವರನ್ನು ರಾಸ್ ಅಲ್ ಖೋರ್‌ನ ತಮ್ಮ ವರ್ಕ್‌ಶಾಪಿಗೆ ಸೇರಿಸಿಕೊಂಡರು. ಪಾಯ್ಸ್ ಅಲ್ಲಿ ಸೂಪರ್‌ವೈಸರ್. ಪ್ರದರ್ಶನಗಳಲ್ಲಿ ಹಳೆಯ ವಸ್ತುಗಳು ಗಾಜಿನ ಪೆಟ್ಟಿಗೆಯೊಳಗೆ ನಿಲ್ಲುತ್ತವಲ್ಲ, ಅವನ್ನು ಹಿಡಿದು ನಿಲ್ಲಿಸುವ ಹಿತ್ತಾಳೆ ತಂತಿಯ ಆಧಾರಗಳನ್ನು ಮಾಡುವುದು ಆ ವರ್ಕ್‌ಶಾಪಿನ ಕೆಲಸ. ನೋಡುವವರಿಗೆ ತಂತಿ ಕಾಣಬಾರದು, ವಸ್ತುವಿಗೆ ನೋವಾಗಬಾರದು. ಅಂಥ ಕೆಲಸಕ್ಕೆ ಅಕ್ಕಸಾಲಿಗನ ಕೈಯೇ ಬೇಕು ಎಂದು ಪಾಯ್ಸ್ ಹೇಳುತ್ತಿದ್ದರು.

ನಮ್ಮ ಕಸುಬಿನ ಒಂದು ರೀತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಬಂಗಾರವನ್ನು ಅರದಿಂದ ಉಜ್ಜುವಾಗ ಹುಡಿ ಉದುರುತ್ತದೆ. ಅದನ್ನು ಯಾವ ಆಚಾರಿಯೂ ಊದಿ ಹಾರಿಸುವುದಿಲ್ಲ. ಸಣ್ಣ ಬ್ರಶ್ಶಿನಿಂದ ಗುಡಿಸಿ, ಕಾಗದಕ್ಕೆ ಹಾಕಿ, ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಳಿಸುತ್ತಾನೆ. ಒಡೆಯ ಕೇಳಿದರೆ ಹುಡಿ ಸಮೇತ ಒಡವೆ ಕೊಡುತ್ತಾನೆ, ಬೇಡವೆಂದರೆ ಮನೆಗೆ ತರುತ್ತಾನೆ. ನಮ್ಮ ಮನೆಯಲ್ಲಿ ಅದಕ್ಕೊಂದು ಹಾಲಿನ ಪುಡಿಯ ದೊಡ್ಡ ಡಬ್ಬಿ ಇತ್ತು. ಸಂಜೆಯ ಹೊತ್ತು ಇವರು ಮನೆಯಲ್ಲೇ ಊರಿನ ಹೆಂಗಸರ ಕರಿಮಣಿ ಬೆಸೆದು, ಬೆಂಡೋಲೆಯ ತಿರುಪು ಸರಿಮಾಡಿ ಕೊಡುತ್ತಿದ್ದರು. ಆ ಹುಡಿಯೆಲ್ಲ ಡಬ್ಬಿಗೆ. ಎಂದಾದರೂ ಒಂದು ದಿನ ಕರಗಿಸಿ, ಉಡುಪಿಯಲ್ಲಿ ಓದುತ್ತಿರುವ ಮಗಳು ಸಮೀಕ್ಷಾಳಿಗೆ ಬಳೆ ಮಾಡಿಸುವುದು ಎಂದು ನಮ್ಮ ಲೆಕ್ಕಾಚಾರ. ಇವರ ಅಂಗಿ ಒಗೆಯುವ ಮೊದಲು ಜೇಬು ತಡಕಿ, ಕಾಗದದ ಪೊಟ್ಟಣ ಸಿಕ್ಕರೆ ಬಿಡಿಸಿ ಡಬ್ಬಿಗೆ ಸುರಿಯುವುದು ಮದುವೆಯಾದಾಗಿನಿಂದ ನನ್ನ ಅಭ್ಯಾಸ. ಯೋಚನೆಯೇ ಬೇಡ, ಕೈ ತಾನಾಗಿ ಮಾಡುತ್ತದೆ.

ಅದು ೨೦೧೪ರ ಸೆಪ್ಟೆಂಬರ್. ಗುರುವಾರ ಸಂಜೆ ಅಬುಧಾಬಿಯ ಪ್ರದರ್ಶನವೊಂದರ ಕೆಲಸ ಮುಗಿಸಿ ಬಂದವರು ಊಟಕ್ಕೆ ಕೂತು ಒಂದೇ ಸಮನೆ ಮಾತು. ಇವರಿಂದ ನಾಲ್ಕು ಮಾತು ಹೊರಡಿಸಬೇಕಾದರೆ ಬೇರೆ ದಿನ ನಾನು ನಲವತ್ತು ಆಡಬೇಕು.

"ಒಂದು ಪಿನ್ನು ಲೋಲಾಕ್ಷಿ, ಬಂಗಾರದ್ದು," ಎಂದರು. "ಶಿಲುಬೆ ಹಾಗೆ ಉಂಟು. ಮೂರು ತುದಿಗೆ ಮೂರು ಗುಂಡು, ಸಣ್ಣ ನೀರುಳ್ಳಿ ಹಾಗೆ. ಒಳಗೆ ಟೊಳ್ಳು. ಹೆಗಲ ಮೇಲೆ ಶಾಲು ನಿಲ್ಲಿಸ್ಲಿಕ್ಕೆ ಹಾಕುವುದಂತೆ. ಸಾವಿರದೈನೂರು ವರ್ಷ ಒಬ್ಬ ರಾಜನ ಗೋರಿಯಲ್ಲಿತ್ತು. ಅದಕ್ಕೆ ತಿರುಪು ಉಂಟು ಮಾರಾಯ್ತಿ. ನಮ್ಮ ಬೆಂಡೋಲೆಯ ತಿರುಪೇ, ಆದ್ರೆ ಎಡಕ್ಕೆ ತಿರುಗುವುದು."

"ತಿರುಗಿಸಿ ನೋಡಿದ್ರಾ?"

"ಮುಟ್ಲಿಕ್ಕೇ ಬಿಡುವುದಿಲ್ಲ. ಮುಟ್ಟುವುದು ಮೇಡಂ ಮಾತ್ರ, ಗ್ಲೌಸ್ ಹಾಕಿ. ನಾನು ತಂತಿ ಬಗ್ಗಿಸುವುದು ಅಷ್ಟೆ."

ಮೇಡಂ ಎಂದರೆ ಹೆಲ್ಗಾ ಮೇಡಂ. ಯುರೋಪಿನ ಯಾವುದೋ ಮ್ಯೂಸಿಯಮ್ಮಿನವರು ಆ ರಾಜನ ಗೋರಿಯ ವಸ್ತುಗಳನ್ನು ಅಬುಧಾಬಿಯ ಪ್ರದರ್ಶನಕ್ಕೆ ಕಳಿಸಿ, ಕಾಯಲು ಆ ಮೇಡಂರನ್ನೂ ಜೊತೆಗೆ ಕಳಿಸಿದ್ದರು. ಆಯಮ್ಮ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಪಾಯ್ಸ್ ಇವರಿಗೆ ಬಿಡಿಸಿ ಹೇಳಿದ್ದರಂತೆ. ಅಂಥ ಪಿನ್ನನ್ನು ರೋಮಿನ ದೊಡ್ಡ ಅಧಿಕಾರಿಗಳು ಮಾತ್ರ ಹಾಕುತ್ತಿದ್ದರು. ಚಕ್ರವರ್ತಿ ಕೊಟ್ಟ ಅಧಿಕಾರದ ಗುರುತು ಅದು. ಅದು ಹೆಗಲ ಮೇಲೆ ಕಂಡರೆ ಜನ ದಾರಿ ಬಿಡಬೇಕು. ಈ ರಾಜ ರೋಮಿನವನೇ ಅಲ್ಲ, ಯಾವುದೋ ಕಾಡು ಸೀಮೆಯ ಪಂಗಡದವನು. ಅವನು ಸಾಯುವ ಹೊತ್ತಿಗೆ ರೋಮಿನ ಆಡಳಿತ ಆ ಕಡೆ ಮುರಿದುಬಿದ್ದಿತ್ತು. ಆದರೂ ಅವನನ್ನು ಹೂಳುವಾಗ ಆ ಪಿನ್ನನ್ನು ಹೆಗಲಿಗೆ ಚುಚ್ಚಿಯೇ ಹೂತಿದ್ದರು.

"ಅಂದ್ರೆ ನಿಮ್ಮ ಗೇಟ್ ಪಾಸ್ ಹಾಗೆ," ಎಂದು ನಾನು ಚುಡಾಯಿಸಿದೆ. ಇವರ ಕೊರಳಲ್ಲಿ ಅಬುಧಾಬಿಯವರು ಕೊಟ್ಟ ಫೋಟೋ ಪಾಸು ಊಟದ ಹೊತ್ತಿಗೂ ನೇತಾಡುತ್ತಿತ್ತು.

"ಹಾಗೇ ಅಂತ ಇಟ್ಕೊ," ಎಂದು ನಕ್ಕರು. "ಆ ರಾಜನ ಶಾಲು ಕರಗಿ ಹೋಗಿದೆ. ಉಳಿದದ್ದು ಎರಡೇ ಎರಡು ಬಂಗಾರದ ಎಳೆ. ಎಡಗಡೆ ಗುಂಡಿನ ಒಳಗೆ ಮಣ್ಣಲ್ಲಿ ಅಂಟಿಕೊಂಡಿದೆ. ಮೇಡಂ ಕಂಪ್ಯೂಟರಲ್ಲಿ ದೊಡ್ಡದು ಮಾಡಿ ತೋರಿಸಿದ್ರು."

ಆ ಎರಡು ಎಳೆಗಳು ಆಗ ಗುಂಡಿನಲ್ಲಿರಲಿಲ್ಲ. ಇವರದೇ ಅಂಗಿಯ ಜೇಬಿನಲ್ಲಿದ್ದವು. ಅದು ಇವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅಂಗಿಯ ಕಾಲರಿಗೆ ಸೋಪು ಹಚ್ಚಿ, ಜೇಬು ತಡಕಿದೆ. ಪೊಟ್ಟಣ ಸಿಕ್ಕಿತು. ಒದ್ದೆ ಕೈಯಲ್ಲೇ ಬಿಡಿಸಿ ನೋಡಿದರೆ ಒಂದು ತೊಗರಿಬೇಳೆಯಷ್ಟು ಕಪ್ಪು ಮಣ್ಣು. ಯಾರ ಕೊಳೆ ಒಡವೆಯೋ ಎಂದುಕೊಂಡು ಡಬ್ಬಿಗೆ ಸುರಿದು, ಕಾಗದವನ್ನು ಮುಚ್ಚಳದ ಮೇಲಿಟ್ಟೆ. ಬೇರೆ ದಿನವಾದರೆ ಹುಡಿ ಕೂರಲಿ ಎಂದು ಡಬ್ಬಿಯನ್ನು ಎರಡು ಸಲ ನೆಲಕ್ಕೆ ಕುಟ್ಟುತ್ತೇನೆ. ಅವತ್ತು ಕುಕ್ಕರ್ ಕೂಗಿತು, ಅಂಗಿಯನ್ನು ಮೆಷೀನಿಗೆ ಹಾಕಿ ಎದ್ದು ಹೋದೆ. ಆ ಕುಕ್ಕರಿಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

ಹತ್ತು ಗಂಟೆಗೆ ಪಾಯ್ಸ್ ಫೋನ್ ಮಾಡಿದರು. ಇವರು "ಹ್ಞಾ, ಹ್ಞಾ" ಎನ್ನುತ್ತ ಕೇಳಿದರು, ಆಮೇಲೆ ಮಂಚದ ತುದಿಯಲ್ಲಿ ಕೂತುಬಿಟ್ಟರು. ಊರಿನಿಂದ ಸಾವಿನ ಸುದ್ದಿ ಬಂತೇನೋ ಎಂದುಕೊಂಡೆ.

ಸಾವಿನ ಸುದ್ದಿಯಾಗಿರಲಿಲ್ಲ. ಬೆಳಿಗ್ಗೆ ಮೇಡಂ ಹಳೆಯ ಫೋಟೋ ಜೊತೆ ಹೋಲಿಸಿ ನೋಡುವಾಗ ಎಡಗಡೆಯ ಗುಂಡು ಖಾಲಿ. ಮಣ್ಣೂ ಇಲ್ಲ, ಎಳೆಗಳೂ ಇಲ್ಲ. ಗುರುವಾರ ಆ ಕೋಣೆಯಲ್ಲಿದ್ದವರು ಮೂವರೇ: ಮೇಡಂ, ಪಾಯ್ಸ್, ಇವರು. ಇವರ ಪಾಸಿಗೆ ಜವಾಬ್ದಾರಿ ಎಂದು ಸಹಿ ಹಾಕಿದವರು ಪಾಯ್ಸ್. ಅವರ ಪಾಸ್‌ಪೋರ್ಟನ್ನು ಪ್ರದರ್ಶನದವರು ಆಗಲೇ ತೆಗೆದಿಟ್ಟುಕೊಂಡಿದ್ದರು. ನಾಲ್ಕು ಗಂಟೆಯವರೆಗೆ ಹುಡುಕುತ್ತಾರೆ, ಸಿಗದಿದ್ದರೆ ಪೊಲೀಸ್ ಕಂಪ್ಲೇಂಟ್.

"ನೀವು ಮುಟ್ಲಿಲ್ಲ ಅಲ್ವಾ? ಮತ್ತೆ ಎಂತಕ್ಕೆ ಹೆದರುವುದು?" ಎಂದೆ.

"ಗುಡಿಸಿದೆ," ಎಂದರು.

"ಎಂತ?"

"ಕೊನೆಗೆ ತಂತಿಯ ಕೊಕ್ಕೆ ಒತ್ತುವಾಗ ಪಿನ್ನಿನಿಂದ ಒಂದು ಚೂರು ಮಣ್ಣು ಉದುರಿತು, ಬಿಳಿ ಹಾಳೆ ಮೇಲೆ. ಮೇಡಂ ಆಚೆ ತಿರುಗಿ ಬರೀತಾ ಇದ್ರು. ನಾನು ಬ್ರಶ್ಶಲ್ಲಿ ಗುಡಿಸಿ, ಕಾಗದಕ್ಕೆ ಹಾಕಿ..." ಹೇಳುತ್ತಿರುವಾಗಲೇ ಇವರ ಬಲಗೈ ಎದ್ದು ಎಡ ಎದೆಯ ಹತ್ತಿರ ಹೋಯಿತು. ಅಲ್ಲಿ ಜೇಬಿರಲಿಲ್ಲ. ಬನಿಯನ್ನಿನಲ್ಲಿದ್ದರು. "ಶರ್ಟು ಎಲ್ಲುಂಟು?"

ಶರ್ಟು ಮೆಷೀನಿನಲ್ಲಿ ತಿರುಗುತ್ತಿತ್ತು. ಇವರು ಅದರ ಬಾಗಿಲು ಎಳೆಯಲು ಹೊರಟರು. ನನಗೆ ಆಗ ಎಲ್ಲ ಒಟ್ಟಿಗೆ ಹೊಳೆಯಿತು.

"ಪೊಟ್ಟಣ ಅದರಲ್ಲಿಲ್ಲ," ಎಂದೆ. "ಡಬ್ಬಿಗೆ ಹಾಕಿದೆ."

ಇವರು ನನ್ನನ್ನೇ ನೋಡಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಅಲ್ಲಾಡಿಸಿದೆಯಾ?" ಎಂದು ಮೆಲ್ಲಗೆ ಕೇಳಿದರು.

"ಇಲ್ಲ. ಇವತ್ತು ಕುಟ್ಟಲಿಲ್ಲ."

ಉಸಿರು ಬಿಗಿಹಿಡಿದು ಮುಚ್ಚಳ ತೆಗೆದೆವು. ಹಳದಿ ಬೂದಿ ಬಣ್ಣದ ಹುಡಿಯ ಮೇಲೆ ಒಂದು ಕಡೆ ಆ ಕಪ್ಪು ಮಣ್ಣು ಸಣ್ಣ ಗುಪ್ಪೆಯಾಗಿ ಹಾಗೇ ಕೂತಿತ್ತು. ಕೆಳಗೆ ಎಷ್ಟೋ ವರ್ಷಗಳ ನಮ್ಮ ಹುಡಿ. ಒಂದು ಸಲ ಡಬ್ಬಿ ಜೋರಾಗಿ ಅಲ್ಲಾಡಿದರೆ ರಾಜನ ಮಣ್ಣು ಅದರಲ್ಲಿ ಸೇರಿ ಮಾಯ. ಚಮಚದಲ್ಲಿ ಎತ್ತೋಣ ಎಂದೆ. ಇವರು ತಲೆ ಅಲ್ಲಾಡಿಸಿದರು. ಕೂದಲಿಗಿಂತ ಸಣ್ಣ ಎಳೆ, ಚಮಚ ತಾಗಿದರೆ ಮುರಿಯುತ್ತದೆ, ಹೇಗಿದೆಯೋ ಹಾಗೇ ಮೇಡಂ ಕೈಗೆ ಕೊಡಬೇಕು ಎಂದರು.

ನನಗೆ ಬಂದ ಬುದ್ಧಿಯನ್ನು ಮುಚ್ಚಿಡುವುದಿಲ್ಲ. ಡಬ್ಬಿ ಎತ್ತಿಕೊಂಡು ಬಾತ್‌ರೂಮಿಗೆ ಹೋದೆ.

"ಸುರಿದು ನೀರು ಬಿಡುವ," ಎಂದೆ. "ಮಣ್ಣು ತಾನೆ. ಖಲಾಸ್. ಜೇಬಲ್ಲಿ ಹಾಕಿದ್ದನ್ನು ಯಾರೂ ನೋಡ್ಲಿಲ್ಲ. ನೀವೇ ಹೋಗಿ ಕೊಟ್ರೆ, ಕದ್ದವನು ಹೆದರಿ ತಂದ ಅಂತಲೇ ಹೇಳ್ತಾರೆ. ಇದು ನಮ್ಮ ಊರಲ್ಲ, ಗೊತ್ತುಂಟಾ ನಿಮಗೆ?"

"ಗೊತ್ತುಂಟು."

"ಜೈಲಿಗೆ ಹಾಕಿದ್ರೆ ನಾನು ಯಾರನ್ನು ಕೇಳ್ಲಿ? ಸಮೀಕ್ಷಾಳಿಗೆ ಎಂತ ಹೇಳ್ಲಿ?"

ಇವರು ಬಾತ್‌ರೂಮಿನ ಬಾಗಿಲಲ್ಲಿ ನಿಂತರು, ಒಳಗೆ ಬರಲಿಲ್ಲ. "ಪಾಯ್ಸ್ ಅಲ್ಲಿ ಕೂತಿದ್ದಾರೆ," ಎಂದರು. "ನಾನು ಬಾಯಿ ಮುಚ್ಚಿದ್ರೆ ಅವರು ಒಳಗೆ ಹೋಗ್ತಾರೆ." ಆಮೇಲೆ, "ಅಪ್ಪ ಗುತ್ತಿನ ಮನೆಯ ಬಳೆ ಕೊಯ್ದದ್ದು ನಿನಗೆ ಹೇಳಿದ್ದೇನೆ ಅಲ್ವಾ," ಎಂದರು.

ನೂರು ಸಲ ಹೇಳಿದ್ದರು. ನಮ್ಮ ತುಳುನಾಡಿನಲ್ಲಿ ಗುತ್ತು ಅಂದರೆ ಊರಿನ ಹಿರಿಯ ಮನೆತನ, ಅದರ ಯಜಮಾನನಿಗೆ ಪಟ್ಟ ಕಟ್ಟುವಾಗ ಕೈಗೆ ಬಂಗಾರದ ಬಳೆ ತೊಡಿಸುತ್ತಾರೆ. ಅವನು ಸತ್ತರೆ ಬಳೆ ಅವನ ಜೊತೆ ಚಿತೆಗೆ ಹೋಗುವಂತಿಲ್ಲ, ಮುಂದಿನವನಿಗೆ ಬರಬೇಕು. ಹಾಗೆ ಒಬ್ಬ ಯಜಮಾನರು ತೀರಿಕೊಂಡಾಗ ಕೈ ಬಾತು ಬಳೆ ಹೊರಗೆ ಬರಲಿಲ್ಲ. ನನ್ನ ಮಾವನನ್ನು ಕರೆಸಿದರು. ಮಾವ ಹೆಣದ ಪಕ್ಕ ಕೂತು ಗರಗಸದಿಂದ ಬಳೆ ಕೊಯ್ದರು, ಹೆಣದ ಮಣಿಕಟ್ಟಿನ ಮೇಲೆ ಬಿದ್ದ ಹುಡಿಯನ್ನೂ ಗುಡಿಸಿ ಕಾಗದದಲ್ಲಿ ಕಟ್ಟಿ ಮನೆಯವರ ಕೈಗೆ ಕೊಟ್ಟರು. ಆಗ ಹತ್ತು ವರ್ಷದ ಇವರು ಬ್ರಶ್ಶು ಹಿಡಿದು ಪಕ್ಕದಲ್ಲಿದ್ದರು. ಸತ್ತವನ ಹುಡಿಯನ್ನು ಇಟ್ಟುಕೊಂಡ ಆಚಾರಿ ಆಚಾರಿಯೇ ಅಲ್ಲ ಎಂದು ಮಾವ ಹೇಳಿದ್ದರಂತೆ.

ನನಗೆ ಸಿಟ್ಟು ಬಂತು, ಅಳು ಬಂತು. ಡಬ್ಬಿ ಮಾತ್ರ ಅಲ್ಲಾಡಿಸಲಿಲ್ಲ. "ನಾನೇ ಹಿಡ್ಕೊಳ್ಳುವುದು," ಎಂದು ಹೊರಗೆ ಬಂದೆ. "ನಿಮ್ಮ ಕೈ ಈಗಲೇ ನಡುಗ್ತಾ ಉಂಟು."

ಕೆಳಗಿನ ಮನೆಯ ಯಾಕೂಬ್ ಉಳ್ಳಾಲದವನು, ತರಕಾರಿ ಸಾಗಿಸುವ ವ್ಯಾನ್ ಓಡಿಸುತ್ತಾನೆ. ಶುಕ್ರವಾರ ರಜೆ. ಇವರು ಅವನಿಗೆ ಎಲ್ಲ ಹೇಳಿದರು, ಮುಚ್ಚಿಡಲಿಲ್ಲ. ಅವನು ನನ್ನ ಕೈಯ ಡಬ್ಬಿ ನೋಡಿ, ಚಪ್ಪಲಿ ಹಾಕಿಕೊಂಡು ಹೊರಟೇಬಿಟ್ಟ. ಮಣ್ಣಿದ್ದ ಪೊಟ್ಟಣದ ಕಾಗದವನ್ನು ಇವರು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಇಟ್ಟುಕೊಂಡರು. ಪಾಯ್ಸ್‌ಗೆ ಫೋನಿನಲ್ಲಿ "ತರ್ತಾ ಇದ್ದೇನೆ" ಎಂದಷ್ಟೇ ಹೇಳಿದರು. ಆಮೇಲೆ, "ಫೋನಲ್ಲಿ ಬೇರೆಂತದೂ ಹೇಳ್ಬೇಡಿ ಆಚಾರ್ರೇ," ಎಂದು ಪಾಯ್ಸ್ ಫೋನ್ ಇಟ್ಟರು.

ನೈಫ್‌ನ ಗಲ್ಲಿಗಳಲ್ಲಿ ವೇಗ ತಗ್ಗಿಸುವ ಅಷ್ಟೊಂದು ಹಂಪುಗಳಿವೆ ಎಂದು ಅಷ್ಟು ವರ್ಷ ಅಲ್ಲಿದ್ದೂ ನನಗೆ ಗೊತ್ತಿರಲಿಲ್ಲ. ನಾನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಡಬ್ಬಿ ಇಟ್ಟು ಎರಡೂ ಕೈಯಲ್ಲಿ ತಬ್ಬಿ ಕೂತಿದ್ದೆ. ಒಂದೊಂದು ಹಂಪಿಗೂ ಯಾಕೂಬ್ "ಅಕ್ಕ, ಬಂತು" ಎಂದು ಎಚ್ಚರಿಸುತ್ತಿದ್ದ. ನಾನು ಡಬ್ಬಿಯನ್ನು ದಿಂಬಿನಿಂದ ತುಸು ಮೇಲೆತ್ತಿ ಗಾಳಿಯಲ್ಲಿ ಹಿಡಿಯುತ್ತಿದ್ದೆ. ಹಿಂದಿನವರು ಹಾರ್ನ್ ಹೊಡೆದು ಹೊಡೆದು ಸಾಕಾಗಿ ದಾಟಿ ಹೋದರು.

ದೊಡ್ಡ ರಸ್ತೆಗೆ ಬಂದ ಮೇಲೆ ಹಂಪಿಲ್ಲ, ಆದರೆ ಲಾರಿಗಳು ಪಕ್ಕದಲ್ಲಿ ಹಾದಾಗೆಲ್ಲ ವ್ಯಾನು ತೂಗುತ್ತಿತ್ತು. ಮುಚ್ಚಳ ತೆಗೆದು ನೋಡಲು ಧೈರ್ಯವಿಲ್ಲ, ನೋಡದೆ ಇರಲು ಜೀವ ಕೇಳುವುದಿಲ್ಲ. ಬೆರಳುಗಳು ಮರಗಟ್ಟಿದವು. ಮೂಗು ತುರಿಸಿದರೂ ಕೈ ಬಿಡಲಿಲ್ಲ. ಹಿಂದೆ ಇವರು ತರಕಾರಿ ಕ್ರೇಟಿನ ಮೇಲೆ ಕೂತು, ಬಾಯಿಯೊಳಗೇ ಏನೋ ಹೇಳಿಕೊಳ್ಳುತ್ತಿದ್ದರು. ಪೊಲೀಸರಿಗೆ ಹೇಳುವ ಮಾತನ್ನು ಹಿಂದಿಯಲ್ಲಿ ಬಾಯಿಪಾಠ ಮಾಡುತ್ತಿದ್ದಾರೆ ಎಂದು ಕಿವಿಗೊಟ್ಟಾಗ ತಿಳಿಯಿತು.

ಅರ್ಧ ದಾರಿಯಲ್ಲಿ ಯಾಕೂಬ್ ಒಂದು ಪೆಟ್ರೋಲ್ ಪಂಪಿಗೆ ವ್ಯಾನ್ ತಿರುಗಿಸಿದ. "ಜುಮಾ ಅಕ್ಕ. ತಪ್ಪಿಸ್ಲಿಕ್ಕೆ ಆಗುವುದಿಲ್ಲ. ಅರ್ಧ ಗಂಟೆ," ಎಂದ. ಪಂಪಿನ ಹಿಂದೆ ಸಣ್ಣ ಮಸೀದಿ. ಶುಕ್ರವಾರದ ನಮಾಜಿಗೆ ಕಾರುಗಳು ಎಲ್ಲೆಂದರಲ್ಲಿ ನಿಂತಿದ್ದವು, ನಮ್ಮದೂ ನಿಂತಿತು. ಇಂಜಿನ್ ಓಡುತ್ತಿತ್ತು, ಎಸಿ ಇತ್ತು, ಆದರೂ ನನ್ನ ಬೆನ್ನು ಬೆವರುತ್ತಿತ್ತು. ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು.

ಆಗ ಕಿಟಕಿಯನ್ನು ಯಾರೋ ತಟ್ಟಿದರು. ನೋಡಿದರೆ ಪೊಲೀಸ್.

ಹಿಂದೆ ಇವರ ಬಾಯಿಪಾಠ ನಿಂತಿತು. ನಾನು ಮೊಣಕೈಯಿಂದ ಗುಂಡಿ ಒತ್ತಿ ಕಿಟಕಿ ಇಳಿಸಿದೆ. ಅವನು ಚಿಕ್ಕ ಪ್ರಾಯದವನು. ಡ್ರೈವರ್ ಎಲ್ಲಿ ಎಂದು ಕೈಸನ್ನೆ ಮಾಡಿದ. ನಾನು ಮಸೀದಿಯ ಕಡೆ ಗದ್ದ ಎತ್ತಿ ತೋರಿಸಿದೆ. ಅವನ ಕಣ್ಣು ನನ್ನ ಕೈಗಳ ಮೇಲೆ ನಿಂತಿತು. ತಬ್ಬಿ ಹಿಡಿದ ಡಬ್ಬಿ, ಅದರ ಮೇಲೆ ಹಾಲಿನ ಲೋಟದ ಚಿತ್ರ.

"ಹಲೀಬ್?" ಎಂದು ಕೇಳಿದ.

ಹಾಲು ಎಂದು ಅರ್ಥ, ಇಷ್ಟು ವರ್ಷದಲ್ಲಿ ಅಷ್ಟು ಅರಬಿ ಬರುತ್ತದೆ. ಹೌದೆಂದು ತಲೆಯಾಡಿಸಿದೆ. ತೆಗೆದು ತೋರಿಸು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹಾಲಿನ ಡಬ್ಬಿಯಲ್ಲಿ ಬಂಗಾರದ ಹುಡಿ ಇಟ್ಟುಕೊಂಡ ಹೆಂಗಸಿನ ಮಾತನ್ನು ಯಾರು ನಂಬುತ್ತಾರೆ? ಅವನು ತೋರಿಸು ಎನ್ನಲಿಲ್ಲ. ವ್ಯಾನಿನ ನೆರಳಿನಲ್ಲಿ, ನನ್ನ ಕಿಟಕಿಗೆ ಒಂದು ಗೇಣು ದೂರದಲ್ಲಿ, ಬೆನ್ನು ಹಾಕಿ ನಿಂತ. ಯಾಕೂಬ್ ಬರುವವರೆಗೆ ಹದಿನೈದು ನಿಮಿಷ ಹಾಗೇ ನಿಂತಿದ್ದ. ಆಮೇಲೆ ಅವನಿಗೆ, ದಾರಿ ಕಟ್ಟಿ ನಿಲ್ಲಿಸಬೇಡ ಎಂದು ಹೇಳಿ, "ಯಲ್ಲಾ" ಎಂದು ಕಳಿಸಿದ. ಆ ಹದಿನೈದು ನಿಮಿಷದಲ್ಲಿ ನನ್ನ ಆಯಸ್ಸು ಎಷ್ಟು ಕಡಿಮೆಯಾಯಿತೋ ದೇವರಿಗೇ ಗೊತ್ತು.

ಅಬುಧಾಬಿ ತಲುಪಿದಾಗ ಎರಡು ಗಂಟೆ ದಾಟಿತ್ತು. ಪ್ರದರ್ಶನದ ಕಟ್ಟಡದ ಹಿಂಬಾಗಿಲಲ್ಲಿ ಕಾವಲುಗಾರ ಡಬ್ಬಿಯನ್ನು ಎಕ್ಸ್‌ರೇ ಬೆಲ್ಟಿನ ಮೇಲಿಡು ಎಂದ. ಆ ಬೆಲ್ಟು ಹೋಗುವ ರಭಸ ನೋಡಿ ನಾನು ಇಡುವುದಿಲ್ಲ ಎಂದೆ. ಅವನು ಗದರಿದ. ನಾನು ಕದಲಲಿಲ್ಲ, ಡಬ್ಬಿಯನ್ನು ಹೊಟ್ಟೆಗೆ ಒತ್ತಿ ಹಿಡಿದು ನಿಂತೆ. ಅಷ್ಟರಲ್ಲಿ ಪಾಯ್ಸ್ ಬಂದರು. ಯಾವಾಗಲೂ ಇಸ್ತ್ರಿ ಮುರಿಯದ ಮನುಷ್ಯ, ಅಂಗಿ ಒದ್ದೆಯಾಗಿ ಮೈಗೆ ಅಂಟಿತ್ತು. ಕಾವಲುಗಾರನಿಗೆ ಏನೋ ಹೇಳಿ ಒಳಗೆ ಬಿಡಿಸಿದರು. ನಡೆಯುತ್ತ ಇವರಿಗೆ, "ಹೇಗೆ ಆಚಾರ್ರೇ?" ಎಂದರು. "ಅಭ್ಯಾಸ ಸರ್," ಎಂದರು ಇವರು.

ಹೆಲ್ಗಾ ಮೇಡಂ ಬಿಳಿಕೂದಲಿನ ತೆಳ್ಳಗಿನ ಹೆಂಗಸು. ಇವರು ಗುಡಿಸಿದ್ದನ್ನು, ನಾನು ಸುರಿದದ್ದನ್ನು ಪಾಯ್ಸ್ ಇಂಗ್ಲಿಷಿನಲ್ಲಿ ಹೇಳುವಾಗ ಆಕೆ ಗ್ಲೌಸ್ ಹಾಕಿಕೊಂಡರು. ಡಬ್ಬಿಯ ಮುಚ್ಚಳ ತೆಗೆದು, ದೀಪ ಹತ್ತಿರ ಎಳೆದು ಬಗ್ಗಿ ನೋಡಿದರು. ಗುಪ್ಪೆ ಸ್ವಲ್ಪ ಜಾರಿ ಅಗಲವಾಗಿತ್ತು, ಆದರೆ ಮೇಲೆಯೇ ಇತ್ತು. ಮೂಲೆಯಲ್ಲಿ ಟೈ ಕಟ್ಟಿದ ಒಬ್ಬ ಅಧಿಕಾರಿ ಮೇಜಿನ ಮೇಲೆ ಫೋನ್ ಇಟ್ಟುಕೊಂಡು ಕೂತಿದ್ದ. ನಾಲ್ಕು ಗಂಟೆಗೆ ಫೋನ್ ಮಾಡುವವನು ಅವನೇ ಎಂದು ಯಾರೂ ಹೇಳದೆ ಗೊತ್ತಾಯಿತು.

ಮೇಡಂ ಸೂಜಿಯಂಥ ಚಿಮಟದಿಂದ ಮಣ್ಣನ್ನು ಕಣ ಕಣವಾಗಿ ಎತ್ತಿ ಗಾಜಿನ ತಟ್ಟೆಗೆ ಹಾಕಿದರು. ಎಲ್ಲವೂ ದೊಡ್ಡದಾಗಿ ಪರದೆಯ ಮೇಲೆ ಕಾಣುತ್ತಿತ್ತು. ಮೂರು ಗಂಟೆಯ ಹೊತ್ತಿಗೆ ಒಂದು ಎಳೆ ಸಿಕ್ಕಿತು, ಸುರುಳಿಯಾಗಿ ಸುತ್ತಿದ ಬಂಗಾರದ ಪಟ್ಟಿ. ನಾನು ಉಸಿರು ಬಿಟ್ಟೆ. ಆದರೆ ಫೋಟೋದಲ್ಲಿ ಎರಡಿದ್ದವು.

ಎರಡನೆಯದು ಸಿಗಲಿಲ್ಲ. ಕಪ್ಪು ಮಣ್ಣು ಮುಗಿದು ನಮ್ಮ ಹುಡಿ ಶುರುವಾಯಿತು. ಹೊಳೆಯುವ ಚೂರು ಬಂದಾಗೆಲ್ಲ ಮೇಡಂ ಇವರ ಕಡೆ ನೋಡುತ್ತಿದ್ದರು. ಇವರು ಪರದೆಯ ಹತ್ತಿರ ನಿಂತು, "ಇದು ನಮ್ಮದು, ತಾಮ್ರ ಸೇರಿದೆ, ಕೆಂಪು ಉಂಟು," ಎನ್ನುತ್ತಿದ್ದರು. ಒಂದು ಕಡೆ ಗೊತ್ತಾಗದ ಚೂರುಗಳು ಬಂದವು. ಇವರು ಸ್ವಲ್ಪ ಹೊತ್ತು ನೋಡಿ, "ಸಂಶಯ ಇದ್ದದ್ದೆಲ್ಲ ಅವರದ್ದೇ ಅಂತ ಹೇಳಿ ಸರ್. ಡಬ್ಬಿಯೇ ಇಟ್ಕೊಳ್ಳಲಿ," ಎಂದರು. ಸಮೀಕ್ಷಾಳ ಬಳೆ ಅಷ್ಟು ಸುಲಭವಾಗಿ ಹೋಯಿತು. ಬೇರೆ ಹೊತ್ತಾಗಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ.

ಕಾಗದವನ್ನೂ ನೋಡಿದರು, ಖಾಲಿ. ಮೂರೂವರೆ. ಅಧಿಕಾರಿ ಫೋನನ್ನು ತಿರುಗಿಸಿ ನೇರ ಇಟ್ಟ. ಒಂದು ಎಳೆ ತಂದು ಇನ್ನೊಂದನ್ನು ಇಟ್ಟುಕೊಂಡಿದ್ದಾರೆ ಎಂದು ಇವನು ಹೇಳಿದರೆ ಯಾರು ಇಲ್ಲ ಎನ್ನುತ್ತಾರೆ? ಇವರನ್ನು ಇಲ್ಲಿಂದಲೇ ಕರೆದುಕೊಂಡು ಹೋಗುತ್ತಾರೆ, ನಾನು ಒಬ್ಬಳೇ ಖಾಲಿ ದಿಂಬು ಹಿಡಿದು ಯಾಕೂಬನ ವ್ಯಾನಿನಲ್ಲಿ ವಾಪಸು ಹೋಗಬೇಕು. ಅಷ್ಟೇ ತಲೆಯಲ್ಲಿ ಸುತ್ತುತ್ತಿತ್ತು.

ಮೇಡಂ ತಟ್ಟನೆ ತಲೆಯೆತ್ತಿ ಏನೋ ಕೇಳಿದರು. "ಪೊಟ್ಟಣ ಬಿಡಿಸುವಾಗ ಕೈ ಒಣಗಿತ್ತಾ ಅಂತ ಕೇಳ್ತಾರೆ," ಎಂದರು ಪಾಯ್ಸ್.

"ಒದ್ದೆ ಇತ್ತು. ಸೋಪು ಹಚ್ತಾ ಇದ್ದೆ," ಎಂದೆ.

"ಆಮೇಲೆ ತೊಳೆದ್ರಾ?"

ನೆನಪು ಮಾಡಿಕೊಂಡೆ. ಅನ್ನ ಇಳಿಸಿದ್ದು ಬಟ್ಟೆ ಹಿಡಿದು. ಅಷ್ಟರಲ್ಲಿ ಫೋನು. ಆಮೇಲೆ ಡಬ್ಬಿ ಹಿಡಿದ ಕೈ, ಇಲ್ಲಿ ಇಳಿಸುವವರೆಗೆ ಬಿಟ್ಟದ್ದೇ ಇಲ್ಲ. ಊಟವಿಲ್ಲ, ನೀರಿಲ್ಲ. "ಇಲ್ಲ," ಎಂದೆ.

ಮೇಡಂ ನನ್ನ ಎರಡೂ ಕೈಗಳನ್ನು ದೀಪದ ಕೆಳಗೆ ಹರಡಿಸಿದರು. ಮರಗಟ್ಟಿದ ಬೆರಳುಗಳು ಬಿಡಿಸಲು ಬರುತ್ತಿರಲಿಲ್ಲ, ಒಂದೊಂದಾಗಿ ಬಿಡಿಸಿದರು. ಉಗುರು, ಗೆರೆ, ಬಳೆ ಎಲ್ಲ ನೋಡಿದರು. ಕೊನೆಗೆ ನನ್ನ ಉಂಗುರ. ಮದುವೆಗೆ ಇವರೇ ಕೂತು ಮಾಡಿದ್ದು, ಹವಳ ಕೂರಿಸಿದ ಉಂಗುರ. ಹವಳದ ಪಕ್ಕದ ಸಂದಿನಲ್ಲಿ ಒಣಗಿದ ಸೋಪಿನ ಬಿಳಿ ಗೆರೆ, ಅದರಲ್ಲಿ ಸಿಕ್ಕಿಕೊಂಡ ಒಂದು ಹೊಳಪು. ಪರದೆಯ ಮೇಲೆ ದೊಡ್ಡದಾಗಿ ಕಂಡಾಗ ಪಾಯ್ಸ್ ಶಿಲುಬೆಯ ಗುರುತು ಮಾಡಿಕೊಂಡರು.

ದುಬೈಯಿಂದ ಇಲ್ಲಿಯವರೆಗೆ, ಆ ಪೊಲೀಸಿನವನ ಕಣ್ಣೆದುರೂ, ರಾಜನ ಶಾಲಿನ ಎಳೆ ನನ್ನ ಬೆರಳಲ್ಲೇ ಇತ್ತು. ಅದನ್ನು ಮೇಡಂ ಚಿಮಟದಿಂದ ಎತ್ತುವಾಗ ಇವರು ಬಂದು ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರು.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಅಧಿಕಾರಿ ಫೋನನ್ನು ಜೇಬಿಗೆ ಹಾಕಿಕೊಂಡ. ಕಂಪ್ಲೇಂಟ್ ಇಲ್ಲ. ಪಾಯ್ಸ್‌ಗೆ ಪಾಸ್‌ಪೋರ್ಟ್ ಕೊಟ್ಟರು. ಡಬ್ಬಿ ಮೇಡಂ ಮೇಜಿನ ಮೇಲೇ ಉಳಿಯಿತು. ನಾನು ಇವರ ತೋಳು ಹಿಡಿದು, ಬನ್ನಿ ಹೋಗುವ ಎಂದು ಎಳೆದೆ. ಆದರೆ ನಮ್ಮವರಿಗೆ ಬುದ್ಧಿ ಎಲ್ಲಿ? ಅಂಥ ಹೊತ್ತಿನಲ್ಲೂ ಒಂದು ಪ್ರಶ್ನೆ.

"ಸರ್, ಮೇಡಂ ಹತ್ರ ಒಂದು ಕೇಳಿ," ಎಂದರು. "ನಮ್ಮ ಕಡೆ ಅಂಥ ಗುರುತನ್ನು ಸತ್ತವನ ಮೈಯಿಂದ ತೆಗೀತಾರೆ. ಆ ರಾಜನ ಹೆಗಲಿಂದ ಯಾಕೆ ತೆಗೀಲಿಲ್ಲ?"

ಮೇಡಂ ಅಷ್ಟು ಹೊತ್ತಿಗೆ ಮೊದಲ ಸಲ ಇವರ ಮುಖವನ್ನು ಸರಿಯಾಗಿ ನೋಡಿದರು. ಪಾಯ್ಸ್ ಅವರ ಉತ್ತರವನ್ನು ಹೇಳಿದರು: "ಖಚಿತ ಯಾರಿಗೂ ಗೊತ್ತಿಲ್ವಂತೆ. ಅವರಿಗೆ ಅನಿಸುವುದು, ಅದನ್ನು ಕೊಟ್ಟ ಸರ್ಕಾರವೇ ಆ ಕಡೆ ಇರ್ಲಿಲ್ಲ, ವಾಪಸ್ ಕೇಳುವವರು ಯಾರೂ ಇರ್ಲಿಲ್ಲ ಅಂತ."

ಇವರು ಅರ್ಥವಾಯಿತು ಎಂಬಂತೆ ತಲೆಯಾಡಿಸಿದರು. ಹಿಂಬಾಗಿಲಿಗೆ ಬಂದಾಗ ಅದೇ ಕಾವಲುಗಾರ ಕೈ ಚಾಚಿದ. ಇವರು ಕೊರಳಿನಿಂದ ಪಾಸು ತೆಗೆದು ಕೊಟ್ಟರು. ಅವನು ಕತ್ತರಿಯಿಂದ ಇವರ ಫೋಟೋದ ನಡುವೆಯೇ ಎರಡು ತುಂಡು ಮಾಡಿ ಕಸದ ಡಬ್ಬಕ್ಕೆ ಹಾಕಿದ. ಇನ್ನು ಮುಂದೆ ಆಚಾರ್ರು ವರ್ಕ್‌ಶಾಪಿನ ಒಳಗೆ ಮಾತ್ರ, ಹೊರಗಿನ ಕೆಲಸಕ್ಕೆ ಬೇಡ ಎಂದು ಪಾಯ್ಸ್ ನೆಲ ನೋಡುತ್ತ ಹೇಳಿದರು. ಇವರಿಗೆ ಅವರ ಮೇಲೆ ಬೇಸರವಿರಲಿಲ್ಲ. ನನಗಿತ್ತು, ಆದರೆ ಜೈಲಿಲ್ಲ ಎನ್ನುವ ಸಮಾಧಾನದಲ್ಲಿ ನುಂಗಿಕೊಂಡೆ.

ಮನೆಗೆ ಬಂದವಳು ಕೈ ತೊಳೆದೆ, ಮತ್ತೆ ಮತ್ತೆ ತೊಳೆದೆ. ಮೆಷೀನಿನಲ್ಲಿ ಆ ಅಂಗಿ ಮುದ್ದೆಯಾಗಿ ಬಿದ್ದಿತ್ತು. ಅದನ್ನು ಒಣಹಾಕಿದೆ. ಸೂಜಿ ದಾರ ತೆಗೆದುಕೊಂಡು ಕೂತು, ಕಪಾಟಿನಲ್ಲಿದ್ದ ಇವರ ಒಂಬತ್ತು ಅಂಗಿಗಳ ಜೇಬಿನ ಬಾಯನ್ನು ಹೊಲಿದುಬಿಟ್ಟೆ. ಒಣಗಿದ ಮೇಲೆ ಹತ್ತನೆಯದನ್ನೂ ಹೊಲಿದೆ. ಇವರು ನೋಡುತ್ತಿದ್ದರು, ಬೇಡ ಎನ್ನಲಿಲ್ಲ.

ಎರಡು ವಾರ ಕಳೆದು ಪಕ್ಕದ ಬಿಲ್ಡಿಂಗಿನ ಬೀಯಮ್ಮ ತುಂಡಾದ ಸರವೊಂದನ್ನು ತಂದುಕೊಟ್ಟರು. ಸಂಜೆ ಇವರು ಕಿಟಕಿಯ ಹತ್ತಿರ ಕೂತು ಬೆಸೆದರು, ಅರ ಹಾಕಿದರು, ಉದುರಿದ ಹುಡಿಯನ್ನು ಬ್ರಶ್ಶಿನಿಂದ ಗುಡಿಸಿದರು. ಕಾಗದಕ್ಕೆ ಹಾಕಿ ನಾಲ್ಕು ಮಡಿಕೆ ಮಾಡಿದರು. ಕೈ ಎದ್ದು ಎದೆಯ ಮೇಲೆ ಹೋಯಿತು. ಪೊಟ್ಟಣ ಹೊಲಿದ ಬಾಯಿಗೆ ತಾಗಿ ಜಾರಿತು. ಇನ್ನೊಂದು ಸಲ ಹೋಯಿತು, ಇನ್ನೊಂದು ಸಲ ಜಾರಿತು. ಇವರು ಪೊಟ್ಟಣವನ್ನು ಅಂಗೈಯಲ್ಲಿ ಹಿಡಿದುಕೊಂಡು, ಎಲ್ಲಿಡಬೇಕೆಂದು ತಿಳಿಯದೆ, ನನ್ನ ಮುಖ ನೋಡಿದರು.